ದಿನಕ್ಕೆ ಮೂರು, ವಾರಕ್ಕೆ ಮೂರು

ಆ ಕಂಪೌಂಡರನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವನ ಮೊಮ್ಮಕ್ಕಳು ತಲೆ ತಗ್ಗಿಸಬೇಕಾಗುತ್ತದೆ ಎಂದು ಅಕ್ಕ ಹೇಳಿದಳು. ಅಕ್ಕನಿಗಾಗಿ ಬಿಟ್ಟಿದ್ದೇನೆ, ಅವನಿಗಾಗಿ ಅಲ್ಲ. ಅವನ ಪೇಟೆಯವರೆಲ್ಲ ಅವನನ್ನು ‘ಡಾಕ್ಟ್ರು’ ಎಂದು ಬಹುವಚನದಲ್ಲೇ ಕರೆಯುತ್ತಿದ್ದರು. ಎದುರಿಗೆ ನಾನೂ ಹಾಗೇ ಕರೆದಿದ್ದೇನೆ. ಇಲ್ಲಿ ಮಾತ್ರ ಏಕವಚನದಲ್ಲಿ ಬರೆಯುತ್ತೇನೆ. ಅಷ್ಟಾದರೂ ನನಗೆ ಸಲ್ಲಬೇಕು.

ಅವನು ನನ್ನ ಅಕ್ಕನನ್ನು ಒಂಬತ್ತು ದಿನಗಳಲ್ಲಿ ಸಾವಿನ ಬಾಗಿಲಿಗೆ ತಂದು ನಿಲ್ಲಿಸಿದ. ಅವಳದೇ ಮನೆಯಲ್ಲಿ, ಅವಳದೇ ಮಾತ್ರೆಯಿಂದ. ಇಷ್ಟು ವರ್ಷವಾದರೂ ಅನ್ನ ಬಸಿಯುವಾಗ, ಬಸ್ಸಿಗೆ ಕಾಯುವಾಗ, ಆ ದಿನಗಳನ್ನು ಮತ್ತೆ ಮೊದಲಿಂದ ಓಡಿಸಿ ನೋಡುತ್ತೇನೆ. ನಾನು ನಾಲ್ಕನೇ ದಿನ ಹೋಗಿದ್ದರೆ? ಐದನೇ ದಿನ ಒಂದು ಫೋನ್ ಮಾಡಿದ್ದರೆ?

ತೊಂಬತ್ತರ ದಶಕದ ನಡುವಿನ ಮಾತು. ಅಕ್ಕನನ್ನು ಕಳಸದ ಮೇಲಿನ ಒಂದು ಕಾಫಿ ತೋಟದ ಮನೆಗೆ ಕೊಟ್ಟಿದ್ದೆವು. ನಾನು ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಅಲ್ಲೇ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜದ ಸ್ಯಾಂಪಲ್ ನೋಡುವ ಕೆಲಸಕ್ಕೆ ಸೇರಿದ್ದೆ. ಅಕ್ಕನಿಗೆ ಮಗಳು ಹುಟ್ಟಿದ ಮೇಲೆ ಮೊಣಕೈಯಲ್ಲಿ ಬೆಳ್ಳಗೆ ಹೊಟ್ಟು ಏಳುವ ಕೆಂಪು ಮಚ್ಚೆ ಶುರುವಾಯಿತು. ಅದು ತಲೆಗೆ ಹಬ್ಬಿತು, ಬೆನ್ನಿಗೆ ಹಬ್ಬಿತು, ಕೊನೆಗೆ ಅಂಗೈ ಬಿರಿದು ರಕ್ತ ಒಸರತೊಡಗಿತು. ಸೋರಿಯಾಸಿಸ್, ಅಂಟುರೋಗವಲ್ಲ ಎಂದು ನಾವು ಎಷ್ಟು ಹೇಳಿದರೂ ಬಂದ ನೆಂಟರು ಅವಳ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳದೆ ‘ಈಗಷ್ಟೇ ಆಯ್ತು’ ಎನ್ನುತ್ತಿದ್ದರು. ಅತ್ತೆ, ಅಂದರೆ ಭಾವನ ತಾಯಿ, ನೆಂಟರು ಬಂದಾಗ ಅವಳನ್ನು ಅಡುಗೆಮನೆಯಿಂದ ಹೊರಗೆ ಬರಬೇಡ ಎನ್ನತೊಡಗಿದರು.

ಭಾವ, ಅಕ್ಕ, ನಾನು ಮೂವರೂ ಘಟ್ಟ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಚರ್ಮದ ಡಾಕ್ಟರು ನಿಧಾನಸ್ಥೆ. ಎರಡು ಮಾತ್ರೆಗಳನ್ನು ಮೇಜಿನ ಮೇಲೆ ಬೇರೆ ಬೇರೆ ಇಟ್ಟು ಹೇಳಿದರು.

“ಈ ಹಳದಿಯದ್ದು ವಾರಕ್ಕೆ ಒಂದೇ ದಿನ. ಆ ದಿನ ಮೂರು ಮಾತ್ರೆ. ಉಳಿದ ಆರು ದಿನ ಇದನ್ನು ಮುಟ್ಟುವ ಹಾಗಿಲ್ಲ. ಇದನ್ನು ತಗೊಳ್ಳುವಾಗ ಬಸುರಿ ಆಗಲೂಬಾರದು, ಹೊಟ್ಟೆಯಲ್ಲಿರುವ ಮಗು ಉಳಿಯುವುದಿಲ್ಲ, ಉಳಿದರೂ ಊನ ಆಗ್ತದೆ. ಅದಕ್ಕೇ ಈ ಬಿಳಿಯದ್ದು. ಗರ್ಭ ನಿಲ್ಲದ ಹಾಗೆ. ಇದು ಇಪ್ಪತ್ತೊಂದು ದಿನ ತಪ್ಪದೆ, ಆಮೇಲೆ ಏಳು ದಿನ ಬಿಡಬೇಕು.”

ಎರಡೂ ಲಿವರಿನ ಮೇಲೆ ಭಾರ ಹಾಕುವಂಥವು, ರಕ್ತಪರೀಕ್ಷೆ ತಪ್ಪಿಸಬೇಡಿ ಎಂದರು. ವಾಂತಿ ಭೇದಿಯಾದರೆ ಬಿಳಿ ಮಾತ್ರೆಯನ್ನು ನಂಬಬೇಡಿ ಎಂದರು. ಬೇರೆ ಯಾರು ಏನು ಮಾತ್ರೆ ಕೊಟ್ಟರೂ ನನ್ನನ್ನು ಕೇಳದೆ ನುಂಗಬೇಡಿ ಎಂದರು. ನಾನು ಎಲ್ಲವನ್ನೂ ಬರೆದುಕೊಂಡೆ. ನನ್ನ ಅಕ್ಷರ ಚೆನ್ನಾಗಿತ್ತು.

ವಾಪಸು ಬರುವಾಗ ಜೀಪಿನಲ್ಲಿ ಭಾವ ಮೊದಲು ಬಾಯಿಬಿಟ್ಟರು.

“ಬಿಳಿ ಮಾತ್ರೆ ವಿಷ್ಯ ಅಮ್ಮಂಗೆ ಗೊತ್ತಾಗೋದು ಬೇಡ. ಎರಡನೇದು ಯಾವಾಗ, ಗಂಡು ಯಾವಾಗ ಅಂತ ಈಗ್ಲೇ ತಲೆ ತಿಂತಾ ಇದ್ದಾರೆ.”

“ಪ್ಯಾಕೆಟ್ ಮೇಲೆ ಕೆಂಪು ತ್ರಿಕೋನ ಉಂಟಲ್ಲ,” ಎಂದಳು ಅಕ್ಕ. “ನೋಡಿದ್ ಕೂಡ್ಲೇ ಗೊತ್ತಾಗ್ತದೆ.”

ನಿಜವಾಗಿತ್ತು. ಕುಟುಂಬ ಯೋಜನೆಯ ಆ ತ್ರಿಕೋನವನ್ನು ಓದಲು ಅಕ್ಷರ ಬೇಕಿರಲಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಯಿಂದ ಹಿಡಿದು ಎಲ್ಲ ಕಡೆ ಅದನ್ನು ಬರೆದಿದ್ದರು. ಆಗ ಉಪಾಯ ಹೇಳಿದವಳು ನಾನು. ಬಿಳಿ ಮಾತ್ರೆಗಳನ್ನೆಲ್ಲ ಪ್ಯಾಕೆಟ್ಟಿನಿಂದ ಬಿಡಿಸಿ ಒಂದು ಖಾಲಿ ಹೋಮಿಯೋಪತಿ ಬಾಟಲಿಗೆ ತುಂಬಿದೆ. ‘ಅತ್ತೆ ಕೇಳಿದ್ರೆ ದಿನಾ ತಗೊಳ್ಳೋ ಬಿಳಿಯದ್ದು ಚರ್ಮದ ಔಷಧಿ ಅನ್ನು. ಸಂತೆ ದಿನದ ಹಳದಿಯದ್ದು ಶಕ್ತಿ ಮಾತ್ರೆ ಅನ್ನು’ ಎಂದು ಅಕ್ಕನಿಗೆ ಪಾಠ ಮಾಡಿದೆ. ವಾರ ಮರೆಯದಿರಲಿ ಎಂದು ಸಂತೆಯ ದಿನ ಗೊತ್ತುಮಾಡಿದವಳೂ ನಾನೇ. ಬಿಳಿ ಮಾತ್ರೆ ಏಳು ದಿನ ನಿಲ್ಲುವುದಕ್ಕೂ ಕಾರಣ ಸಿಕ್ಕಿತು: ಆ ಮನೆಯಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದರು, ಆ ಹೊತ್ತಿನಲ್ಲಿ ಈ ಔಷಧಿ ಆಗುವುದಿಲ್ಲವಂತೆ ಎಂದರಾಯಿತು. ಅತ್ತೆ ಅದನ್ನು ಮೆಚ್ಚಿಯೇ ಬಿಟ್ಟರಂತೆ. ‘ಘಟ್ಟದ ಕೆಳಗಿನ ಡಾಕ್ಟ್ರಿಗೂ ಮಡಿ ಗೊತ್ತುಂಟು’ ಎಂದರಂತೆ. ಅದನ್ನು ಹೇಳಿ ಅಕ್ಕ ಫೋನಿನಲ್ಲಿ ನಕ್ಕಿದ್ದಳು. ನಾನೂ ನಕ್ಕಿದ್ದೆ.

ಆರು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು. ಬೆನ್ನು, ತಲೆ ತಿಳಿಯಾದವು. ಅಂಗೈ ಮಾತ್ರ ಚಳಿ ಬಂದ ಕೂಡಲೇ ಮತ್ತೆ ಬಿರಿಯಿತು. ಡಾಕ್ಟರು ಹೇಳಿದಂತೆ ಊಟವಾದ ಮೇಲೆ ಮುಲಾಮು ಹಚ್ಚಿ ಎರಡೂ ಕೈಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಬೇಕಿತ್ತು. ಕೈ ಕಟ್ಟಿದ ಮೇಲೆ ಮಾತ್ರೆ ತೆಗೆಯುವವರು ಯಾರು? ಅತ್ತೆ ತಾವೇ ಬಾಯಿಗೆ ಹಾಕಿ ನೀರು ಕುಡಿಸತೊಡಗಿದರು. ಹಾಗೆ ಬಾಟಲಿ ಅವರ ಕೈಗೆ ಹೋಯಿತು.

ನಾವು ಅತ್ತೆಯನ್ನು ದಡ್ಡಿ ಎಂದುಕೊಂಡಿದ್ದೆವು. ಅವರು ನಮ್ಮಿಬ್ಬರಿಗಿಂತ ಚುರುಕಾಗಿದ್ದರು. ಸೊಸೆ ಹೊರಗಾಗುವುದಕ್ಕೆ ಎರಡು ದಿನ ಮೊದಲೇ ಔಷಧಿ ನಿಲ್ಲುತ್ತದೆ, ಪ್ರತಿ ತಿಂಗಳೂ. ಔಷಧಿಗೆ ಮೊದಲೇ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆಯನ್ನು ಅವರು ಯಾರ ಹತ್ತಿರವೂ ಆಡಲಿಲ್ಲ. ಬಾಟಲಿಯನ್ನೂ ಹಳದಿ ಮಾತ್ರೆಯ ಹಾಳೆಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಪೇಟೆಯ ಕಂಪೌಂಡರನ ಹತ್ತಿರ ಹೋದರು.

ಅವನು ಯಾವುದೋ ಎಸ್ಟೇಟಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಗಾಯ ಕಟ್ಟಿ, ಬಣ್ಣದ ಮದ್ದು ಕಲಸಿ ಕೊಟ್ಟು, ರಿಟೈರಾದ ಮೇಲೆ ಬೋರ್ಡು ಹಾಕಿಕೊಂಡವನು. ಅಲ್ಲಿ ನಡೆದ ಮಾತನ್ನು ಅತ್ತೆಯೇ ಆಮೇಲೆ ಆಸ್ಪತ್ರೆಯ ವರಾಂಡದಲ್ಲಿ ಕೂತು ನನಗೆ ಹೇಳಿದರು. ಒಂದಕ್ಷರವನ್ನೂ ಬಿಡಲಿಲ್ಲ.

ಬಿಳಿ ಮಾತ್ರೆ ತಿಂಗಳಿಗೊಮ್ಮೆ ನಿಲ್ಲುವ ಕತೆ ಕೇಳಿದ ಕೂಡಲೇ ಅವನು ನಕ್ಕನಂತೆ. “ಅಮ್ನೋರೇ, ಇದು ಮಕ್ಕಳಾಗದ ಮಾತ್ರೆ. ನಿಮಗೆ ಟೋಪಿ ಹಾಕಿದ್ದಾರೆ.”

“ಮತ್ತೆ ಈ ಹಳದಿಯದ್ದು?”

ಹಾಳೆಯನ್ನು ತಿರುಗಿಸಿ ಓದಿದನಂತೆ. “ಇದೇ ಅಸಲು ಚರ್ಮದ ಮದ್ದು. ಎಷ್ಟು ಕೊಡ್ತೀರಿ?”

“ಸಂತೆ ದಿನ ಮೂರು.”

“ವಾರಕ್ಕೊಂದ್ಸಲ ಉಂಡ್ರೆ ಹೊಟ್ಟೆ ತುಂಬ್ತದ? ಇದನ್ನೇ ದಿನಾ ಮೂರು ಕೊಡಿ. ಹತ್ತು ದಿನದಲ್ಲಿ ಕೈ ಬೆಣ್ಣೆ ಆಗ್ತದೆ. ಬಿಳಿಯದ್ದನ್ನ ಒಲೆಗೆ ಹಾಕಿ. ಬರೋ ವರ್ಷ ಮೊಮ್ಮಗನ ನಾಮಕರಣಕ್ಕೆ ನನ್ನನ್ನ ಮರೀಬೇಡಿ.”

ಅವನು ಆ ಮಾತ್ರೆಯ ಹೆಸರನ್ನು ಓದಿದ, ಆದರೆ ಅದು ಏನೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಸಾಕಾಗಿತ್ತು. ನನ್ನ ಕೋಪವೆಲ್ಲ ಇವತ್ತಿಗೂ ಆ ಒಂದು ಮಾತಿನ ಸುತ್ತಲೇ ಸುತ್ತುತ್ತದೆ.

ಮನೆಗೆ ಬಂದ ಅತ್ತೆ ಜಗಳವಾಡಲಿಲ್ಲ. ಬಿಳಿ ಮಾತ್ರೆಗಳು ಬಚ್ಚಲ ಒಲೆಗೆ ಹೋದವು. ಸೊಸೆಗೆ ತಿಳಿಯದಿರಲೆಂದು ಹಳದಿ ಮಾತ್ರೆ ಮೂರನ್ನು ಜೇನುತುಪ್ಪದಲ್ಲಿ ಅರೆದು, ‘ಗಂಟಲಿಗೆ ಸಿಕ್ಕೋದಿಲ್ಲ, ಹೀಗೇ ನೆಕ್ಕು’ ಎಂದು ಚಮಚದಲ್ಲಿ ಕೊಡತೊಡಗಿದರು. ಎರಡೂ ಕೈ ಕಟ್ಟಿಕೊಂಡ ಅಕ್ಕ ಮಗುವಿನ ಹಾಗೆ ಬಾಯಿ ತೆರೆದಳು. ಅತ್ತೆಗೆ ತನ್ನ ಮೇಲೆ ಕೊನೆಗೂ ಪ್ರೀತಿ ಬಂತು ಅಂದುಕೊಂಡಳಂತೆ.

ಕುಯ್ಲಿನ ಕಾಲ. ಭಾವ ಬೆಳಿಗ್ಗೆ ತೋಟಕ್ಕೆ ಹೋದರೆ ಹಣ್ಣು ಅಳೆಸಿ, ಸಿಪ್ಪೆ ಬಿಡಿಸುವ ಪಲ್ಪರ್ ಕೆಲಸ ಮುಗಿಸಿಯೇ ಒಳಗೆ ಬರುತ್ತಿದ್ದರು. ಹೆಂಡತಿಯ ಮುಖ ನೋಡಿದರೋ ಇಲ್ಲವೋ. ನೋಡಿಲ್ಲವೆಂದೇ ನಾನು ಇಟ್ಟುಕೊಂಡಿದ್ದೇನೆ. ಭಾವನನ್ನು ನಾನು ಕ್ಷಮಿಸಿದ್ದೇನೆ ಎಂದು ಅಕ್ಕ ನಂಬಿದ್ದಾಳೆ, ನಂಬಿಕೊಂಡಿರಲಿ.

ಒಂಬತ್ತನೇ ದಿನ ನನಗೆ ರಜೆ ಇತ್ತು. ಮಧ್ಯಾಹ್ನದ ಬಸ್ಸಿಗೆ ಕಳಸಕ್ಕೆ ಹೋದೆ. ಅಕ್ಕ ನಡುಮನೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದಳು. ಕರೆದಾಗ ತಿರುಗಿದಳು. ತುಟಿಯ ಸಿಪ್ಪೆ ಪೂರ್ತಿ ಹೋಗಿತ್ತು. ವಸಡಿನಿಂದ ರಕ್ತ ಜಿನುಗಿ ಹಲ್ಲಿನ ಸಂದಿಯಲ್ಲಿ ಕಪ್ಪಾಗಿ ಒಣಗಿತ್ತು. ಮಾತಾಡಲು ನಾಲಿಗೆ ಎತ್ತಲಾಗದೆ ಕಣ್ಣಲ್ಲೇ ‘ಬಂದೆಯಾ’ ಎಂದಳು. ಸೀರೆ ಸರಿಸಿ ಕಾಲು ನೋಡಿದೆ. ಮೊಣಕಾಲಿನ ಕೆಳಗೆಲ್ಲ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ. ಮೈ ಸುಡುತ್ತಿತ್ತು.

“ಉಷ್ಣ ಆಗಿದೆ,” ಎಂದರು ಅತ್ತೆ. “ಎಳನೀರು ಕೊಡ್ತಾ ಇದ್ದೇನೆ. ನಿನ್ನೆ ಡಾಕ್ಟ್ರೂ ಬಂದು ನೋಡಿದ್ರು. ಬಾಯಿಹುಣ್ಣಿಗೆ ವಿಟಮಿನ್ ಕೊಟ್ರು. ಮದ್ದು ಕೆಲ್ಸ ಮಾಡ್ತಾ ಉಂಟು, ನಿಲ್ಲಿಸ್ಬೇಡಿ ಅಂದ್ರು.”

“ಯಾವ ಮದ್ದು?”

ನಾನು ಕಪಾಟು ತೆಗೆದೆ. ಬಾಟಲಿ ಇರಲಿಲ್ಲ.

“ಬಿಳಿ ಮಾತ್ರೆ ಬಾಟ್ಲಿ ಎಲ್ಲಿ ಅತ್ತೆ?”

“ಯಾವ್ದು, ನೀವು ಅಕ್ಕ ತಂಗಿ ಸೇರಿ ಚರ್ಮದ್ದು ಅಂತ ಸುಳ್ಳು ಹೇಳಿದ್ದಲ್ಲ, ಅದಾ? ಒಲೆಗೆ ಹಾಕಿದೆ.”

“ಹಳದಿ?”

“ಕೊಡ್ತಾ ಇದ್ದೇನಲ್ಲ, ದಿನಾ ಮೂರು. ಚರ್ಮದ ಮಾತ್ರೆ ದಿನಾ ತಗೋಬೇಕು ಅಂತ ನೀವೇ ಹೇಳಿದ್ದಲ್ವಾ?”

ಹೌದು, ನಾವೇ ಹೇಳಿದ್ದೆವು. ಹಳದಿ ಮಾತ್ರೆಯ ಹಾಳೆಗಳೆಲ್ಲ ಖಾಲಿಯಾಗಿ, ಕೊನೆಯ ಹಾಳೆಯಲ್ಲಿ ಮೂರು ಮಾತ್ರ ಉಳಿದಿದ್ದವು. ಆ ದಿನ ಊಟದ ನಂತರದ ಪಾಲು ಅದು.

ಭಾವನನ್ನು ಕಣದಿಂದ ಓಡಿಸಿಕೊಂಡು ಬಂದೆ. ಜೀಪಿನ ಹಿಂದಿನ ಸೀಟಿನಲ್ಲಿ ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುದುರೆಮುಖದ ದಾರಿಯಲ್ಲಿ ಘಟ್ಟ ಇಳಿದೆವು. ಪ್ರತಿ ತಿರುವಿನಲ್ಲೂ ಅವಳ ಬಾಯಿಂದ ರಕ್ತ ಬೆರೆತ ಜೊಲ್ಲು ನನ್ನ ಕೈಗೆ ಇಳಿಯುತ್ತಿತ್ತು. ನಾನು ಅದನ್ನು ಒರೆಸುತ್ತಿದ್ದೆ. ಅತ್ತೆ ಮುಂದಿನ ಸೀಟಿನಲ್ಲಿ ಕೂತು ತಿರುಗಿ ತಿರುಗಿ ನೋಡುತ್ತಿದ್ದರು.

“ಎಷ್ಟು ದಿನ ಕೊಟ್ಟಿದ್ದೀರಿ?” ಎಂದು ಕರಾವಳಿಯ ಆಸ್ಪತ್ರೆಯ ಅದೇ ಚರ್ಮದ ಡಾಕ್ಟರು ಕೇಳಿದಾಗ ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. ಎಂಟು ದಿನದ ಎಂಟು ಚಮಚ. ಡಾಕ್ಟರು ನನ್ನ ಕಡೆ ತಿರುಗಿದರು. “ನೀವು ಬರೆದುಕೊಂಡಿದ್ದಿರಲ್ಲ?” ಅಷ್ಟೇ ಕೇಳಿದರು. ಬಾಟಲಿಯ ವಿಷಯ ಹೇಳಿದೆ. ಭಾವನ ಎದುರಿಗೆ, ಅತ್ತೆಯ ಎದುರಿಗೆ, ನರ್ಸಿನ ಎದುರಿಗೆ, ಎಲ್ಲವನ್ನೂ ಹೇಳಿದೆ.

ರಕ್ತದಲ್ಲಿ ಬಿಳಿಕಣವೇ ಉಳಿದಿಲ್ಲ, ಒಂದು ನೆಗಡಿ ತಗುಲಿದರೂ ಸಾಕು, ಯಾವ ಭರವಸೆಯನ್ನೂ ಕೊಡಲಾರೆ ಎಂದರು. ಅವಳನ್ನು ಬೇರೆ ಕೋಣೆಗೆ ಹಾಕಿದರು. ಆ ಮಾತ್ರೆಯ ವಿಷಕ್ಕೆ ಎದುರಾಗಿ ಆರಾರು ಗಂಟೆಗೆ ಇಂಜೆಕ್ಷನ್ ಕೊಟ್ಟರು. ತೋಟದ ಮೇಸ್ತ್ರಿಯೂ ಲಾರಿ ಡ್ರೈವರನೂ ಬಂದು ರಕ್ತ ಕೊಟ್ಟರು. ನಾನು ಬಾಗಿಲಿನ ಗಾಜಿನಿಂದ ನೋಡುತ್ತಿದ್ದೆ. ಅವಳ ಕೂದಲು ದಿಂಬಿಗೆ ಅಂಟಿಕೊಂಡು ಬರುತ್ತಿತ್ತು. ಆರನೇ ದಿನ ಬಿಳಿಕಣ ಏರತೊಡಗಿತು. ಅವಳು ಆಡಿದ ಮೊದಲ ಮಾತು ನರ್ಸಿಗೆ: “ಜೇನು ಬೇಡ.” ಕಹಿ ಔಷಧಿ ಕುಡಿಸಲು ಅವರು ಚಮಚ ತಂದಿದ್ದರು.

ಅವಳು ಬದುಕಿದಳು. ಹಳದಿ ಮಾತ್ರೆ ನಿಂತಿತು. ಅದರ ಅಂಶ ಮೈಯಿಂದ ಹೋಗುವವರೆಗೆ ಕೆಲವು ತಿಂಗಳು ಬಸುರಾಗಬಾರದೆಂದು, ಲಿವರ್ ಸರಿಯಾದ ಮೇಲೆ ಬಿಳಿಯದ್ದನ್ನು ಮುಂದುವರಿಸಿದರು. ಎರಡು ತಿಂಗಳು ಮೂಡಿಗೆರೆಯಲ್ಲಿ ನಮ್ಮ ಅಪ್ಪನ ಮನೆಯಲ್ಲಿದ್ದು ಅಕ್ಕ ವಾಪಸು ಹೋದಳು. ಹೋದ ದಿನವೇ ಕೆಂಪು ತ್ರಿಕೋನದ ಪ್ಯಾಕೆಟ್ಟನ್ನು ಅಡುಗೆಮನೆಯ ಕಿಟಕಿಯಲ್ಲಿ, ಅತ್ತೆಯ ಕಣ್ಣಿಗೆ ನೇರವಾಗಿ ಬೀಳುವ ಹಾಗೆ ಇಟ್ಟಳು. ಅತ್ತೆ ಅದರ ಮೇಲಿನ ಧೂಳನ್ನು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದರಂತೆ. ಅಕ್ಕನ ಸೇಡು ಅಲ್ಲಿಗೆ ಮುಗಿಯಿತು. ನನ್ನದು ಮುಗಿಯಲಿಲ್ಲ.

ಜಿಲ್ಲೆಯ ಆರೋಗ್ಯ ಕಚೇರಿಗೆ ಅರ್ಜಿ ಬರೆದೆ. ಯಾರೋ ಒಬ್ಬರು ಜೀಪಿನಲ್ಲಿ ಹೋದರಂತೆ. ಅವರು ಬರುವುದು ಮೊದಲೇ ತಿಳಿದು ಬೋರ್ಡು ಗೋಡೆಗೆ ಮುಖಮಾಡಿ ನಿಂತಿತ್ತಂತೆ. ಕಾಫಿ ಕುಡಿದು ಹೋದರು. ಮಾರನೆಯ ದಿನ ಬೋರ್ಡು ಮತ್ತೆ ರಸ್ತೆಗೆ ತಿರುಗಿತು. ಆ ಪೇಟೆಯ ಜೀಪಿನವನೊಬ್ಬ ನನಗೆ ಬುದ್ಧಿ ಹೇಳಿದ: “ಬಿಡು ಮಾರಾಯ್ತಿ. ನಮ್ಮಪ್ಪ ಕತ್ತಿ ತಾಗಿಸ್ಕೊಂಡಾಗ ರಕ್ತ ನಿಲ್ಸಿ ಬದುಕಿಸಿದ್ದು ಅವ್ರೇ.” ಅದು ನಿಜವಿರಬಹುದು. ಅದರಿಂದ ನನ್ನ ಕೋಪ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

ಒಂದು ಸಂತೆಯ ದಿನ ಬೆಳಿಗ್ಗೆ ನಾನೇ ಹೋದೆ. ಬೆಂಚು ತುಂಬ ಜನ. ಮಗುವನ್ನು ಹೊತ್ತ ಹೆಂಗಸೊಬ್ಬಳು ಅವನ ಎದುರಿನ ಸ್ಟೂಲಿನಲ್ಲಿ ಕೂತಿದ್ದಳು. ನನ್ನನ್ನು ಗುರುತಿಸಿದ.

“ಎಂತ ತಂಗಿ, ಅಕ್ಕ ಹುಷಾರಾ?”

“ಹುಷಾರು, ಡಾಕ್ಟ್ರೇ. ಅವಳ ಮಾತ್ರೆ ಸ್ವಲ್ಪ ಉಳಿದಿತ್ತು. ನಿಮಗೆ ಅಂತ ತಂದೆ.”

ಕೊನೆಯ ಹಾಳೆಯ ಮೂರು ಹಳದಿ ಮಾತ್ರೆಗಳನ್ನು ಒಂದೊಂದಾಗಿ ಅವನ ಮೇಜಿನ ಮೇಲೆ ಇಟ್ಟೆ.

“ನನಗೆಂತಕ್ಕೆ?”

“ದಿನಾ ಮೂರು ತಗೊಂಡ್ರೆ ಕೈ ಬೆಣ್ಣೆ ಆಗ್ತದೆ ಅಂದ್ರಂತಲ್ಲ. ಇದು ಒಂದು ದಿನದ್ದು. ಅಕ್ಕ ಇಂಥದ್ದು ಎಂಟು ದಿನ ತಿಂದು ಆಸ್ಪತ್ರೇಲಿ ಮಲಗಿದ್ಲು. ನೀವು ಒಂದು ದಿನದ್ದು ತಿನ್ನಿ, ಸಾಕು.”

ಬೆಂಚಿನ ಮೇಲೆ ಕೆಮ್ಮುತ್ತಿದ್ದ ಮುದುಕ ಕೆಮ್ಮು ನಿಲ್ಲಿಸಿದ. ಕಂಪೌಂಡರ್ ಕುರ್ಚಿಗೆ ಒರಗಿದ.

“ಓದಿದವಳು ನೀನು. ಸುಳ್ಳು ಹೇಳಿ ಕೊಡ್ಸಿದ್ದು ಯಾರು? ನಾನಾ? ಮಾತ್ರೆ ಬಿಡಿಸಿ ಬಾಟ್ಲಿಗೆ ತುಂಬಿದ್ದು ಯಾರು?”

ಅವನು ಗೆದ್ದೆ ಎಂಬಂತೆ ಬೆಂಚಿನವರ ಕಡೆ ನೋಡಿದ.

“ಅದು ನನ್ನ ಪಾಲು,” ಎಂದೆ. “ಅದನ್ನ ನಾನು ಹೊತ್ಕೊಂಡಿದ್ದೇನೆ. ಈ ಮೂರು ನಿಮ್ಮ ಪಾಲು. ಏನೂ ಆಗದ ಮದ್ದಾದ್ರೆ ನುಂಗಿ ತೋರ್ಸಿ. ಇವ್ರೆಲ್ಲ ನಿಮ್ಮ ಕೈಯ ಮಾತ್ರೆ ತಿನ್ನೋರೇ ಅಲ್ವಾ, ನೋಡ್ಲಿ.”

ಮಗುವಿನ ತಾಯಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಮೂರನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು, ಹೂಜಿಯಿಂದ ನೀರು ಬಗ್ಗಿಸಿ ಕುಡಿದ. “ನೋಡಿ,” ಎಂದ ಬೆಂಚಿಗೆ. “ಎಂತ ಆಯ್ತು?”

“ಇವತ್ತು ಏನೂ ಆಗೋದಿಲ್ಲ,” ಎಂದೆ. “ಮೊದಲ ದಿನ ಅವಳಿಗೂ ಏನೂ ಆಗಿರ್ಲಿಲ್ಲ. ಮೊದ್ಲು ಬಾಯಲ್ಲಿ ಹುಣ್ಣಾಗ್ತದೆ. ಆಮೇಲೆ ರಕ್ತ.”

ಒಂದು ಸಲ ಮೂರು ತಿಂದರೆ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಅಕ್ಕ ಆರು ತಿಂಗಳು ಪ್ರತಿ ಸಂತೆಗೆ ತಿಂದದ್ದೂ ಅಷ್ಟನ್ನೇ. ಗೊತ್ತಿದ್ದೂ ಹೇಳಲಿಲ್ಲ. ಅವನ ವಯಸ್ಸಿಗೆ, ಅವನ ಲಿವರಿಗೆ, ಅವನು ತಿನ್ನುವ ಬೇರೆ ಯಾವುದೋ ಮಾತ್ರೆಗೆ ಅದು ಹೇಗೆ ಕೂಡುತ್ತದೋ ಎಂದು ಕೇಳಬೇಕೆಂದೂ ನನಗೆ ಅನಿಸಲಿಲ್ಲ. ಚರ್ಮದ ಡಾಕ್ಟರು ಹೇಳಿದ್ದನ್ನೆಲ್ಲ ಬರೆದುಕೊಂಡವಳು ನಾನು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಸ್ಟೂಲು ಸರಿದ ಸದ್ದು ಕೇಳಿತು. ಮಗುವನ್ನು ಹೊತ್ತ ಹೆಂಗಸು ಎದ್ದು ಹೊರಗೆ ಬಂದಿದ್ದಳು.

ಏಳನೇ ದಿನ ಅವನು ಎರಡು ಬಸ್ಸು ಬದಲಿಸಿ ಚಿಕ್ಕಮಗಳೂರಿಗೆ ಬಂದ. ಮಧ್ಯಾಹ್ನ ಕ್ಯೂರಿಂಗ್ ವರ್ಕ್ಸ್‌ನ ಗೇಟಿನಲ್ಲಿ ಯಾರೋ ಕಾಯುತ್ತಿದ್ದಾರೆಂದು ವಾಚ್‌ಮನ್ ಕರೆದ. ಹೋಗಿ ನೋಡಿದರೆ ಅವನು. ಗಡ್ಡ ಬೆಳೆದಿತ್ತು. ಆರು ದಿನದಿಂದ ಬಾಗಿಲು ತೆಗೆದಿಲ್ಲವೆಂದ. ಅನ್ನ ಸೇರುತ್ತಿಲ್ಲವೆಂದ. ನಾಚಿಕೆ ಬಿಟ್ಟು, ರಸ್ತೆಯಲ್ಲೇ, ಕೆಳತುಟಿಯನ್ನು ಬೆರಳಿನಿಂದ ಎಳೆದು ನನಗೆ ತೋರಿಸಿದ. ಒಳಗೆ ಏನೂ ಇರಲಿಲ್ಲ. ಎಲ್ಲರ ಬಾಯಿಯ ಹಾಗೆ ನಸುಗೆಂಪು.

“ಕೆಂಪಾಗಿದೆಯಾ, ತಂಗಿ?”

ನಾನು ಉತ್ತರಿಸಲಿಲ್ಲ.

“ನಿನ್ನ ಅಕ್ಕನಿಗೆ ಹುಣ್ಣು ಕಾಣಿಸಿದ್ದು ಎಷ್ಟನೇ ದಿನ?”

“ಎಂಟನೇ ದಿನ,” ಎಂದೆ. ಅದು ಸುಳ್ಳಾಗಿರಲಿಲ್ಲ.

ಅವನು ಬೆರಳು ಮಡಚಿದ. “ಹಾಗಾದ್ರೆ ನಾಳೆ.”

“ಹೌದು. ನಾಳೆ.”

ಒಳಗೆ ಊಟದ ಬಿಡುವು ಮುಗಿದ ಬೆಲ್ ಆಯಿತು. ನಾನು ಒಳಗೆ ಹೋಗಿ ಸ್ಯಾಂಪಲ್ ತಟ್ಟೆಯ ಮುಂದೆ ಕೂತೆ. ಕಿಟಕಿಯಿಂದ ಗೇಟು ಕಾಣುತ್ತಿತ್ತು. ಬಹಳ ಹೊತ್ತು ಅವನು ಅಲ್ಲೇ ನಿಂತಿದ್ದ. ನಾನು ಎದ್ದು ಹೋಗಲಿಲ್ಲ.